ಲಾಂಡ್ರಿಯಿಂದ ಒಬ್ಬರು

ಆ ಮನೆಯ ಇಬ್ಬರು ಸೊಸೆಯರು ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು. ಮನೆ ಚಿಕ್ಕದು. ಎರಡು ಕೋಣೆ, ನಡುವೆ ಒಂದು ಹಜಾರ, ಹಿಂದುಗಡೆ, ಒಬ್ಬರು ತಿರುಗಿದರೆ ಇನ್ನೊಬ್ಬರು ಗೋಡೆಗೆ ಒತ್ತಿಕೊಳ್ಳಬೇಕಾದಂಥ ಅಡುಗೆಮನೆ. ಅಂಥ ಮನೆಯಲ್ಲಿ ಮಾತು ಬಿಟ್ಟು ಬದುಕುವುದೇನು ಸುಲಭದ ಕೆಲಸವಲ್ಲ, ಅದಕ್ಕೂ ಅಭ್ಯಾಸ ಬೇಕು.

“ಪುಟ್ಟೀ, ಉಪ್ಪಿನ ಡಬ್ಬಿ ಎಲ್ಲಿಟ್ಟಿದಾರೆ ಅಂತ ಕೇಳು ನಿಮ್ಮ ಚಿಕ್ಕಮ್ಮನ್ನ,” ಎನ್ನುವಳು ದೊಡ್ಡ ಸೊಸೆ. ಚಿಕ್ಕಮ್ಮ ಅವಳಿಂದ ಒಂದು ಮೊಳ ದೂರದಲ್ಲಿ ನಿಂತು ಈರುಳ್ಳಿ ಹೆಚ್ಚುತ್ತಿರುವಳು.

“ಪುಟ್ಟೀ, ದಿನಾ ಇರೋ ಕಡೆನೇ ಇದೆ ಅಂತ ಹೇಳು ನಿಮ್ಮಮ್ಮಂಗೆ.”

ಹದಿನೈದು ವರ್ಷದ ಪುಟ್ಟಿ ಹಜಾರದಲ್ಲಿ ಪುಸ್ತಕದಿಂದ ತಲೆ ಎತ್ತದೆ, “ಇಬ್ರಿಗೂ ಕೇಳಿಸಿದೆ ಅನ್ಕೋತೀನಿ,” ಎನ್ನುವಳು.

ಇಬ್ಬರೂ ಕೆಲಸ ಮಾಡುತ್ತಿದ್ದುದು ಒಂದೇ ಆಸ್ಪತ್ರೆಯಲ್ಲಿ. ಚಿಕ್ಕವಳು ಮುಂಬಾಗಿಲ ಕೌಂಟರಿನಲ್ಲಿ, ಕಂಪ್ಯೂಟರಿನ ಮುಂದೆ, ಬಿಳಿ ಅಂಗಿ ತೊಟ್ಟು ರೋಗಿಗಳ ಹೆಸರು ಬರೆಯುವವಳು. ದೊಡ್ಡವಳು ನೆಲಮಾಳಿಗೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಮಡಚಿ, ಗಾಡಿಯಲ್ಲಿ ವಾರ್ಡುಗಳಿಗೆ ತಳ್ಳಿಕೊಂಡು ಹೋಗುವವಳು. ಅವಳಿಗೆ ನಲವತ್ತೊಂದು ವರ್ಷ. ಅದರಲ್ಲಿ ಹದಿಮೂರು ವರ್ಷ ಆ ಹಬೆಯಲ್ಲೇ ಕಳೆದಿತ್ತು.

ಮನೆಯವರಿಗೆ ಗೊತ್ತಿದ್ದ ಕಾರಣ ಬಟ್ಟೆಯದು. ಒಂದು ಭಾನುವಾರ ದೊಡ್ಡವಳು ಮನೆಯ ಮೆಷಿನ್ನಿಗೆ ಬಟ್ಟೆ ಹಾಕಿದಾಗ ಒಂದು ಕೆಂಪು ಟವೆಲ್ ಸೇರಿಕೊಂಡು ಚಿಕ್ಕವಳ ಮೂರೂ ಬಿಳಿ ಅಂಗಿಗಳು ಗುಲಾಬಿಯಾಗಿದ್ದವು. ಚಿಕ್ಕವಳು ಅಂಗಿಗಳನ್ನು ಹಜಾರದ ನಡುವೆ ಬಿಸಾಡಿ, “ಊರವರ ಬಟ್ಟೆ ಒಗೆಯೋಕೆ ಬರತ್ತೆ, ಮನೇವ್ರದ್ದು ಬರಲ್ಲ!” ಎಂದಿದ್ದಳು. ಅಂದಿನಿಂದ ಮೌನ.

ಆದರೆ ಆ ಭಾನುವಾರಕ್ಕೂ ಮೂರು ದಿನ ಹಿಂದೆ ಇನ್ನೊಂದು ಸಂಗತಿ ನಡೆದಿತ್ತು. ಅದನ್ನು ದೊಡ್ಡವಳು ಯಾರಿಗೂ ಹೇಳಿರಲಿಲ್ಲ. ಅಂದು ಚಿಕ್ಕವಳು ಊಟದ ಡಬ್ಬಿ ಮನೆಯಲ್ಲೇ ಮರೆತು ಬಂದಿದ್ದಳು. ದೊಡ್ಡವಳು ಅದನ್ನು ತಂದು, ಗಾಡಿ ತಳ್ಳಿಕೊಂಡು ಹೋಗುವಾಗ ಕೌಂಟರಿನ ಹತ್ತಿರ ನಿಂತು ಕೊಟ್ಟಳು. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಜೊತೆಗಾತಿ, “ಯಾರೇ ಅವ್ರು?” ಎಂದು ಕೇಳಿದ್ದಳು.

“ನಮ್ಮ ಬೀದಿಯವ್ರು,” ಎಂದು ಚಿಕ್ಕವಳು ಡಬ್ಬಿ ತೆಗೆದುಕೊಂಡು ಕಂಪ್ಯೂಟರಿನ ಕಡೆ ತಿರುಗಿದ್ದಳು.

ಹನ್ನೊಂದನೆಯ ದಿನ ಲಾಂಡ್ರಿಯ ಸೂಪರ್‌ವೈಸರ್ ಒಂದು ಕಾಗದ ಹಿಡಿದು ಬಂದ. ಆಸ್ಪತ್ರೆ ಶುರುವಾಗಿ ಐವತ್ತು ವರ್ಷವಾದದ್ದಕ್ಕೆ ಐದು ಕಿಲೋಮೀಟರ್ ಓಟ. ಊರವರೂ ಓಡಬಹುದು, ಆದರೆ ಆಸ್ಪತ್ರೆಯ ಪ್ರತಿ ವಿಭಾಗದಿಂದ ಒಬ್ಬರಾದರೂ ಹೆಸರು ಕೊಡಬೇಕು. ಓಟಕ್ಕೆ ಇನ್ನೂ ಒಂಬತ್ತು ವಾರವಿತ್ತು.

“ಯಾರಾದ್ರೂ ಇದೀರಾ?” ಎಂದ. ಇಸ್ತ್ರಿ ಮೆಷಿನ್ನು ಬುಸ್ಸೆಂದಿತು, ಬೇರೆ ಯಾರೂ ಉಸಿರೆತ್ತಲಿಲ್ಲ. “ಸರಿ ಬಿಡಿ, ಯಾವಾಗ್ಲೂ ಬರೆಯೋ ಹಾಗೇ ಬರೀತೀನಿ.”

“ಏನು ಬರೀತಿಯಪ್ಪ ಯಾವಾಗ್ಲೂ?” ಎಂದು ಕೇಳಿದವಳು ಸೋಪಿನಜ್ಜಿ. ಸೋಪು ಅಳೆದು ಹಾಕುವುದು ಅವಳ ಕೆಲಸ, ಲಾಂಡ್ರಿಗೆಲ್ಲ ಹಿರಿಯಳು.

“‘ಲಾಂಡ್ರಿ, ಯಾರೂ ಇಲ್ಲ’ ಅಂತ.”

ದೊಡ್ಡವಳು ಮಡಚುತ್ತಿದ್ದ ಚಾದರವನ್ನು ಕೆಳಗಿಟ್ಟಳು. “ಯಾರೂ ಇಲ್ಲ ಅಂದ್ರೆ? ನಾವಿಲ್ಲಿ ಹದಿನಾಲ್ಕು ಜನ ಇಲ್ವಾ? ನನ್ನ ಹೆಸರು ಬರ್ಕೊಳ್ಳಿ.”

ಸೂಪರ್‌ವೈಸರ್ ಪೆನ್ನು ಹಿಡಿದವನು ಅವಳನ್ನು ಮೇಲಿಂದ ಕೆಳಗೆ ನೋಡಿದ. “ಓಡ್ಬೇಕು ಕಣಮ್ಮಾ. ನಡೆಯೋದಲ್ಲ.”

“ಓಟ ಅಂತ ಬರೆದಿದ್ದು ಓದೋಕೆ ಬರತ್ತೆ ನಂಗೆ. ಬರೀರಿ.”

ಮನೆಗೆ ಬರುವ ಹೊತ್ತಿಗೆ ಅವಳ ಧೈರ್ಯ ಅರ್ಧಕ್ಕರ್ಧ ಇಳಿದಿತ್ತು. ಓಡಿ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಿದಳು. ಬಸ್ಸು ಹಿಡಿಯಲು ಓಡಿದ್ದು ಬಿಟ್ಟರೆ ಬೇರೇನೂ ನೆನಪಾಗಲಿಲ್ಲ. ಮಗಳನ್ನು ಕೋಣೆಗೆ ಕರೆದು ಬಾಗಿಲು ಮುಚ್ಚಿ ವಿಷಯ ಹೇಳಿದಳು. ಪುಟ್ಟಿ ನಗಲಿಲ್ಲ. ಮಂಚದ ಕೆಳಗಿನಿಂದ ತನ್ನ ಕಳೆದ ವರ್ಷದ ಶೂ ಎಳೆದು ಕೊಟ್ಟು, ಫೋನಿನಲ್ಲಿ ಏನೋ ಹುಡುಕಿ, “ಮೊದಲು ನಿಧಾನಕ್ಕೆ ಓಡ್ಬೇಕಂತಮ್ಮ. ಮಾತಾಡ್ತಾ ಓಡೋಕಾಗ್ಬೇಕು, ಅಷ್ಟು ನಿಧಾನ,” ಎಂದಳು.

“ಯಾರ ಜೊತೆ ಮಾತಾಡ್ಲಿ?”

“ನಿನ್ನ ಜೊತೆ ನೀನೇ.”

ಮರುದಿನ ಬೆಳಕು ಹರಿಯುವ ಹೊತ್ತಿಗೆ ಹಳೆಯ ಪ್ಯಾಂಟು ತೊಟ್ಟು, ಎರಡೆರಡು ಕಾಲುಚೀಲ ಹಾಕಿ ಶೂ ಬಿಗಿದು ಹೊರಬಿದ್ದಳು. ನೀರಿನ ಟ್ಯಾಂಕಿನವರೆಗೆ ಹೋಗಿ ಬರುವುದೆಂದು ಲೆಕ್ಕ. ಟ್ಯಾಂಕು ಇನ್ನೂ ದೂರವಿರುವಾಗಲೇ ಗಂಟಲು ಒಣಗಿ, ಪಕ್ಕೆ ಹಿಡಿದು, ಕಂಬವೊಂದನ್ನು ತಬ್ಬಿಕೊಂಡು ನಿಂತಳು. ಹದಿಮೂರು ವರ್ಷ ದಿನಕ್ಕೆ ಒಂಬತ್ತು ಗಂಟೆ ನಿಂತ ಕಾಲುಗಳು ಗಟ್ಟಿಯಾಗಿದ್ದವು, ಕೈಕೊಟ್ಟಿದ್ದು ಉಸಿರು. ಪೇಪರು ಹಾಕುವವನು ಸೈಕಲ್ಲು ನಿಲ್ಲಿಸಿ, “ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾಮ್ಮ?” ಎಂದು ಕಳಕಳಿಯಿಂದ ಕೇಳಿದ.

ಮಾತಾಡುತ್ತ ಓಡಬೇಕಲ್ಲ? ಅವಳ ಬಾಯಿಗೆ ಬಂದ ಮಾತೆಲ್ಲ ಚಿಕ್ಕವಳಿಗೆ ಹೇಳಬೇಕೆಂದು ಕಟ್ಟಿಟ್ಟುಕೊಂಡಿದ್ದೇ. ‘ಬೀದಿಯವಳಂತೆ. ನಿನ್ನ ಮದುವೆ ದಿನ ನಿನಗೆ ಜ್ವರ ಬಂದಾಗ ರಾತ್ರಿಯೆಲ್ಲ ಹಣೆಗೆ ಒದ್ದೆ ಬಟ್ಟೆ ಇಟ್ಟಿದ್ದು ಯಾವ ಬೀದಿಯವಳೇ?’ ಹೀಗೆ ಗೊಣಗುತ್ತ ಓಡಿದಳು. ಸಿಟ್ಟು ಬಂದಷ್ಟೂ ದಾರಿ ಸಾಗಿತು. ಎರಡನೆಯ ವಾರಕ್ಕೆ ಟ್ಯಾಂಕು ಮುಟ್ಟಿದಳು. ಮೂರನೆಯ ವಾರಕ್ಕೆ ಮುಟ್ಟಿ, ನಿಲ್ಲದೆ ವಾಪಸು ಬಂದಳು.

ಮನೆಯಲ್ಲಿ ಗಲಾಟೆಯಾದದ್ದು ಆ ಮೂರನೆಯ ವಾರದಲ್ಲೇ. ಬೆಳಗಿನ ಅಡುಗೆ ದೊಡ್ಡವಳದು, ಸಂಜೆಯದು ಚಿಕ್ಕವಳದು. ಓಡಿ ಬಂದು ಸ್ನಾನ ಮಾಡಿ ಒಲೆ ಹಚ್ಚುವಷ್ಟರಲ್ಲಿ ಗಂಡನಿಗೆ ಬಸ್ ಡಿಪೋಗೆ ಹೊರಡುವ ಹೊತ್ತಾಗುತ್ತಿತ್ತು. ಅವನು ಅಲ್ಲಿ ಮೆಕ್ಯಾನಿಕ್ಕು.

“ಮತ್ತೆ ಮೊಟ್ಟೆನಾ?” ಎಂದ ಅವನು ಡಬ್ಬಿಯ ಮುಚ್ಚಳ ತೆಗೆದು. “ಒಂದು ವಾರದಿಂದ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಡಿಪೋದಲ್ಲಿ ನಾನು ಹೋದ್ರೆ ಕೊಕ್ಕೊಕ್ಕೋ ಅಂತಾರೆ.”

“ಇನ್ನಾರು ವಾರ ತಾನೇ?”

“ಏನಕ್ಕೆ ಬೇಕು ಇದೆಲ್ಲ ಈ ವಯಸ್ಸಲ್ಲಿ? ಎಲ್ಲಾದ್ರೂ ಬಿದ್ದು ಕಾಲು ಮುರ್ಕೊಂಡ್ರೆ ನೋಡ್ಕೊಳ್ಳೋರು ಯಾರು?”

“ಹದಿನೆಂಟು ವರ್ಷದಿಂದ ನಿಮ್ಮನ್ನೆಲ್ಲ ನೋಡ್ಕೊಂಡಿದ್ದು ಯಾರು?” ಅವಳ ದನಿ ಏರಿತು. “ನಿಮ್ಮಪ್ಪ ಹಾಸಿಗೆ ಹಿಡಿದಾಗ ಯಾರು? ನಿಮ್ಮ ತಮ್ಮನ ಕೈಗೆ ಪ್ಲಾಸ್ಟರ್ ಹಾಕಿದಾಗ ತುತ್ತು ತಿನ್ನಿಸಿದ್ದು ಯಾರು? ನಂಗೆ ಅಂತ ದಿನಕ್ಕೆ ಮುಕ್ಕಾಲು ಗಂಟೆ ಕೇಳಿದ್ರೆ ನಿಮ್ಮ ಹೊಟ್ಟೆ ಒಣಗಿ ಹೋಗತ್ತಾ?”

ಮೈದುನ, ಬಣ್ಣದ ಅಂಗಡಿಗೆ ಹೊರಟಿದ್ದವನು, ಚಪ್ಪಲಿ ಒಂದೇ ಕಾಲಿಗೆ ಹಾಕಿಕೊಂಡು ನಿಂತುಬಿಟ್ಟ. ಚಿಕ್ಕವಳು ಕನ್ನಡಿಯ ಮುಂದೆ ತಲೆ ಬಾಚುತ್ತಲೇ ಇದ್ದಳು. ಆಗ ಅತ್ತೆ ಕುರ್ಚಿಯಿಂದ ಎದ್ದು ಸೆರಗು ಸಿಕ್ಕಿಸಿದಳು.

“ನಾಳೆಯಿಂದ ಬೆಳಗ್ಗೆ ಒಲೆ ನಂದು. ನಂಗೇನು ಕೈ ಬಿದ್ದು ಹೋಗಿದ್ಯಾ?”

“ಅಮ್ಮಾ, ನಿನಗೆ ಕಣ್ಣು ಸರಿಯಾಗಿ ಕಾಣಲ್ಲ.”

“ನಿನ್ನ ಡಬ್ಬಿ ತುಂಬೋಕೆ ಕಣ್ಣು ಯಾಕೋ?”

ಮರುದಿನ ಅವನ ಪಲ್ಯದಲ್ಲಿ ಉಪ್ಪಿನ ಬದಲು ಸಕ್ಕರೆ ಇತ್ತು. ಅವನು ಅದನ್ನೇ ತಿಂದು ಡಬ್ಬಿ ತೊಳೆದುಕೊಂಡು ಬಂದ. ಅದರ ಮರುದಿನದಿಂದ ತಾನೇ ಬೇಗ ಎದ್ದು ತಾಯಿಯ ಪಕ್ಕದಲ್ಲಿ ನಿಂತು ಡಬ್ಬಿಗಳ ಹೆಸರು ಹೇಳತೊಡಗಿದ.

ಐದನೆಯ ವಾರ ಚಿಕ್ಕವಳಿಗೂ ಸುದ್ದಿ ಸರಿಯಾಗಿ ತಿಳಿಯಿತು. ಓಟಗಾರರ ಪಟ್ಟಿ ಟೈಪು ಮಾಡಲು ಬಂದದ್ದು ಅವಳ ಟೇಬಲ್ಲಿಗೇ. ದೊಡ್ಡವಳು ಸುಮ್ಮನೆ ಮೈ ಇಳಿಸಲು ಓಡುತ್ತಿದ್ದಾಳೆಂದು ಅಲ್ಲಿಯವರೆಗೆ ಅಂದುಕೊಂಡಿದ್ದಳು. ಕೌಂಟರಿನಿಂದ ಹೆಸರು ಕೊಟ್ಟವಳು ಚಿಕ್ಕವಳೇ. ಕಾಲೇಜಿನಲ್ಲಿ ಓಡಿ ಗೆದ್ದ ಪದಕಗಳು ಹಜಾರದ ಗಾಜಿನ ಬೀರುವಿನಲ್ಲಿ ಸಾಲಾಗಿದ್ದವು. ಪ್ರತಿ ಶನಿವಾರ ಅವುಗಳ ಧೂಳು ಒರೆಸುತ್ತಿದ್ದವಳು ದೊಡ್ಡ ಸೊಸೆ.

ಸಂಜೆ ಎಲ್ಲರೂ ತಟ್ಟೆ ಮುಂದೆ ಕೂತಿದ್ದಾಗ ಚಿಕ್ಕವಳು ಬಡಿಸುತ್ತ, “ಅತ್ತೆ, ಲಾಂಡ್ರಿಯಿಂದ ಯಾರೋ ಒಬ್ರು ಹೆಸರು ಕೊಟ್ಟಿದಾರೆ. ಐದು ಕಿಲೋಮೀಟರು ಅಂದ್ರೆ ಆಸ್ಪತ್ರೆ ವರಾಂಡ ಅಲ್ಲ ಅಂತ ಹೇಳಿ ಅವ್ರಿಗೆ,” ಎಂದಳು.

“ಪುಟ್ಟೀ, ಹಳೇ ಪದಕ ಎದೆಗೆ ಕಟ್ಕೊಂಡ್ರೆ ಕಾಲು ತಾನಾಗೇ ಓಡಲ್ಲ ಅಂತ ಹೇಳು ನಿಮ್ಮ ಚಿಕ್ಕಮ್ಮಂಗೆ.”

“ನಾನೇನೂ ಹೇಳಲ್ಲ,” ಎಂದಳು ಪುಟ್ಟಿ. “ನಂಗೆ ಅನ್ನ ಹಾಕಿ ಯಾರಾದ್ರೂ.”

ಅಂದಿನಿಂದ ಚಿಕ್ಕವಳೂ ಸಂಜೆ ಓಡತೊಡಗಿದಳು, ಆದರೆ ಬಿಟ್ಟು ಬಿಟ್ಟು. ಒಂದು ದಿನ ತಲೆನೋವು, ಒಂದು ದಿನ ಕೌಂಟರಿನಲ್ಲಿ ಹೆಚ್ಚಿನ ಕೆಲಸ. ದೊಡ್ಡವಳು ಒಂದು ಬೆಳಗನ್ನೂ ಬಿಡಲಿಲ್ಲ. ಆರನೆಯ ವಾರದಲ್ಲೊಂದು ದಿನ ಟ್ಯಾಂಕು ದಾಟಿ, ಸ್ಕೂಲಿನ ಗೋಡೆ ದಾಟಿ ಓಡುತ್ತಿದ್ದಾಗ ತಾನು ಬಹಳ ಹೊತ್ತಿನಿಂದ ಏನೂ ಗೊಣಗಿಲ್ಲವೆಂದು ಗಮನಕ್ಕೆ ಬಂತು. ಬೈಗುಳವೆಲ್ಲ ಮುಗಿದಿತ್ತು, ಉಸಿರು ಮಾತ್ರ ಇನ್ನೂ ಬೇಕಾದಷ್ಟಿತ್ತು. ಅವಳಿಗೆ ನಗು ಬಂದು, ಖಾಲಿ ರಸ್ತೆಯಲ್ಲಿ ಒಬ್ಬಳೇ ನಕ್ಕಳು.

ಆ ಭಾನುವಾರ ಅತ್ತೆ ಬಟಾಣಿ ಸುಲಿಯುತ್ತ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

“ಆ ಕೆಂಪು ಟವೆಲ್ಲು, ದೊಡ್ಡವಳೇ. ತಪ್ಪಿ ಬಿತ್ತು ಅಂತ ನನ್ನ ಮಕ್ಕಳು ನಂಬಿದಾರೆ, ಅವ್ರು ಗಂಡಸ್ರು. ಹದಿಮೂರು ವರ್ಷ ಬಿಳಿ ಬಟ್ಟೆ ಒಗೆದ ಕೈ ಅದು. ಹಾಗೆಲ್ಲ ತಪ್ಪತ್ತಾ?”

ದೊಡ್ಡವಳು ಬಟಾಣಿ ಸಿಪ್ಪೆಯನ್ನು ಚೂರು ಚೂರು ಮಾಡಿದಳು. “ಬೇಕಂತಲೇ ಹಾಕ್ದೆ.”

“ಯಾಕೆ?”

ಆಗ ಡಬ್ಬಿಯ ಕಥೆ ಹೇಳಿದಳು. ಹೇಳುವಾಗ ಅಳು ಬರುತ್ತದೆಂದುಕೊಂಡಿದ್ದಳು, ಬರಲಿಲ್ಲ. ಅತ್ತೆ ಇನ್ನೊಂದು ಬಟಾಣಿ ಸುಲಿದು, “ಅವಳು ಮಾಡಿದ್ದು ಸಣ್ಣತನ. ನೀನು ಮಾಡಿದ್ದೂ ಸಣ್ಣತನಾನೇ. ನಾನು ಯಾರ ಪರಾನೂ ಇಲ್ಲ. ಓಟದ ದಿನ ನಂಗೊಂದು ಕುರ್ಚಿ ಹಾಕ್ಸಿ, ಅಷ್ಟೇ,” ಎಂದಳು.

ಓಟದ ದಿನ ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಮುಂದೆ ಇನ್ನೂರಕ್ಕೂ ಹೆಚ್ಚು ಜನ. ಹೆಂಗಸರೇ ಅರವತ್ತೆಪ್ಪತ್ತು. ಪುಟ್ಟಿ ದೊಡ್ಡವಳ ಎದೆಗೆ ನಂಬರಿನ ಚೀಟಿ ಚುಚ್ಚಿದಳು. “ಮೊದಲು ಎಲ್ರೂ ನುಗ್ತಾರಮ್ಮ. ನೀನು ನುಗ್ಗಬೇಡ.”

ಸೀಟಿ ಊದಿದ್ದೇ ತಡ ಎಲ್ಲರೂ ನುಗ್ಗಿದರು. ಚಿಕ್ಕವಳು ಮುಂದಿನ ಗುಂಪಿನಲ್ಲಿ ಜುಟ್ಟು ಹಾರಿಸುತ್ತ ಕಣ್ಮರೆಯಾದಳು. ದೊಡ್ಡವಳ ಎರಡೂ ಕಡೆಯಿಂದ ಹುಡುಗಿಯರು ಹಾದುಹೋದರು, ನರ್ಸುಗಳು ಹೋದರು, ತನ್ನ ವಯಸ್ಸಿನ ಡಾಕ್ಟರಮ್ಮನೊಬ್ಬಳೂ ಹೋದಳು. ‘ಎಲ್ಲರಿಗಿಂತ ಕೊನೆಗೆ ಬಂದರೆ?’ ಎಂದುಕೊಂಡಳು. ಆದರೂ ಕಾಲಿನ ಲೆಕ್ಕ ತಪ್ಪಿಸಲಿಲ್ಲ. ಮಾರುಕಟ್ಟೆ ರಸ್ತೆಯಲ್ಲಿ ಅಂಗಡಿಗಳ ಬಾಗಿಲು ಅರ್ಧ ಎದ್ದಿದ್ದವು. ಅಲ್ಲಿಗೆ ಬರುವ ಹೊತ್ತಿಗೆ ನುಗ್ಗಿದವರು ಒಬ್ಬೊಬ್ಬರಾಗಿ ವಾಪಸು ಸಿಗತೊಡಗಿದರು. ಮೊದಲು ಸಿಕ್ಕವಳು ಡಾಕ್ಟರಮ್ಮ.

ಅರ್ಧ ದಾರಿಯ ತಿರುವಿನಲ್ಲಿ ಅತ್ತೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಗಂಡ, ಮೈದುನ. ಅತ್ತೆ ಯಾರ ಪರವೂ ಇಲ್ಲದವಳು, “ಸೊಸೇ! ಓಡೇ ಸೊಸೇ!” ಎಂದು ಕೂಗಿದಳು. ಚಿಕ್ಕವಳು ಹೋದಾಗಲೂ ಅದನ್ನೇ ಕೂಗಿದ್ದಳಂತೆ.

ಗಂಡ ರಸ್ತೆಗೇ ಇಳಿದು ನಾಲ್ಕು ಹೆಜ್ಜೆ ಪಕ್ಕದಲ್ಲೇ ಓಡಿದ. “ಒಂಬತ್ತನೇಯವಳು! ಎಣಿಸಿದೀನಿ! ಹೆಂಗಸ್ರಲ್ಲಿ ಒಂಬತ್ತನೇಯವಳು ನೀನು!” ನಾಲ್ಕೇ ಹೆಜ್ಜೆಗೆ ಅವನು ಏದುಸಿರು ಬಿಟ್ಟು ನಿಂತ. ಅವಳು ಮುಂದೆ ಹೋದಳು.

ಒಂಬತ್ತು! ಯಾರೋ ಬೆನ್ನಿಗೆ ಕೈ ಕೊಟ್ಟು ತಳ್ಳಿದಂತಾಯಿತು. ಸ್ಕೂಲಿನ ಗೋಡೆಯ ಉದ್ದಕ್ಕೂ ಇಬ್ಬರನ್ನು ಹಿಂದೆ ಹಾಕಿದಳು. ಆಮೇಲೆ ಬಂತು ರೈಲು ಮೇಲ್ಸೇತುವೆಯ ಏರು. ಅಲ್ಲಿಯವರೆಗೆ ಚೆನ್ನಾಗಿ ಓಡುತ್ತಿದ್ದವರೆಲ್ಲ ಅದನ್ನು ನೋಡಿ ಸೋತರು, ಕೆಲವರು ನಡೆಯತೊಡಗಿದರು. ದೊಡ್ಡವಳಿಗೆ ಆ ಏರು ಹೊಸದೇನಲ್ಲ. ನೆಲಮಾಳಿಗೆಯಿಂದ ಚಾದರ ಪೇರಿಸಿದ ಗಾಡಿಯನ್ನು ದಿನಕ್ಕೆ ಹತ್ತು ಸಲ ಮೇಲಕ್ಕೆ ತಳ್ಳುತ್ತಿದ್ದವಳು ಅವಳು. ಇಲ್ಲಿ ಗಾಡಿಯೂ ಇಲ್ಲ, ತನ್ನ ಮೈಭಾರ ಒಂದೇ. ತಲೆ ತಗ್ಗಿಸಿ, ಹೆಜ್ಜೆ ಗಿಡ್ಡ ಮಾಡಿ, ಹತ್ತಿದಳು. ಒಬ್ಬಳು ಹಿಂದೆ ಬಿದ್ದಳು. ಇನ್ನೊಬ್ಬಳೂ ಹಿಂದೆ ಬಿದ್ದಳು.

ಸೇತುವೆಯ ನೆತ್ತಿಯ ಹತ್ತಿರ, ಸೊಂಟಕ್ಕೆ ಕೈಕೊಟ್ಟು, ಮುಖ ಬಿಳಿಚಿಕೊಂಡು ಕಾಲೆಳೆಯುತ್ತಿದ್ದವಳು ಚಿಕ್ಕ ಸೊಸೆ.

ಈ ಗಳಿಗೆಯನ್ನು ದೊಡ್ಡವಳು ಎಷ್ಟೋ ಬೆಳಗಿನಲ್ಲಿ ಮನಸ್ಸಿನಲ್ಲೇ ನೋಡಿದ್ದಳು. ತಲೆ ಎತ್ತಿ, ಪಕ್ಕಕ್ಕೂ ನೋಡದೆ, ಹಾದುಹೋಗಬೇಕೆಂದಿದ್ದಳು. ಈಗ ಅವಳ ಪಕ್ಕಕ್ಕೆ ಬಂದಾಗ ಕಾಲು ತಾನಾಗಿಯೇ ನಿಧಾನವಾಯಿತು.

“ನಿಲ್ಬೇಡ!” ಎಂದಳು ಚಿಕ್ಕವಳು. ಎಪ್ಪತ್ತನಾಲ್ಕು ದಿನದ ಮೇಲೆ ಅವಳ ಬಾಯಿಂದ ನೇರವಾಗಿ ಬಂದ ಮೊದಲ ಮಾತು ಅದು. “ಅಕ್ಕಾ, ನಿಲ್ಬೇಡ. ಮುಂದೆ ಹಳದಿ ಅಂಗಿ ಕಾಣ್ತಿದೆಯಾ? ಅವಳು ಮೂರನೇಯವಳು. ಭುಜ ನೋಡು, ಹೇಗೆ ಅಲ್ಲಾಡ್ತಿದೆ. ಅವಳ ಕೈಲಿ ಇನ್ನಾಗಲ್ಲ. ಇಳಿಜಾರಲ್ಲಿ ಮೈ ಬಿಟ್ಬಿಡು, ಹಿಡಿದು ಹಿಡಿದು ಇಳೀಬೇಡ. ಅವಳು ತಿರುಗಿ ನೋಡೋ ಹೊತ್ತಿಗೆ ನೀನು ಮುಂದಿರ್ಬೇಕು.”

“ನೀನು?”

“ನಂಗೆ ಪಕ್ಕೆ ಹಿಡ್ಕೊಂಡಿದೆ. ಹೋಗ್ತೀಯಾ ಇಲ್ವಾ!”

ಸೇತುವೆಯ ಮೇಲೆ ಕೌಂಟರಿನ ಹುಡುಗಿಯರು ನೀರಿನ ಲೋಟ ಹಿಡಿದು ನಿಂತಿದ್ದರು. ಅವರೆಲ್ಲರ ಮುಂದೆ ಚಿಕ್ಕವಳು ಎರಡೂ ಕೈ ಬಾಯಿಗೆ ಹಿಡಿದು ಹಿಂದಿನಿಂದ ಕೂಗಿದಳು. “ಓಡು ಅಕ್ಕಾ! ಬಿಡಬೇಡ ಅವಳನ್ನ!”

ದೊಡ್ಡವಳು ಮೈ ಬಿಟ್ಟಳು. ಇಳಿಜಾರು ಅವಳನ್ನು ಎಳೆದುಕೊಂಡು ಹೋಯಿತು. ಗಾಳಿ ಕಿವಿಯಲ್ಲಿ ಗುಯ್ಯೆಂದಿತು. ಹುಡುಗಿಯಾಗಿದ್ದಾಗ ಹೀಗೆ ಇಳಿಜಾರಿನಲ್ಲಿ ಓಡಿರಬೇಕು, ನೆನಪಿಲ್ಲ, ಆದರೆ ಕಾಲಿಗೆ ನೆನಪಿತ್ತು. ಸೇತುವೆಯ ಬುಡದಲ್ಲಿ ಹಳದಿ ಅಂಗಿ ಹತ್ತು ಮಾರು ದೂರದಲ್ಲಿತ್ತು. ಔಷಧಿ ಅಂಗಡಿಯ ಮುಂದೆ ಐದು ಮಾರು. ಗೇಟು ಕಾಣಿಸಿತು. ಅಲ್ಲಿ ನೆಲಮಾಳಿಗೆಯ ಹದಿಮೂರೂ ಜನ ಹಬೆಯಲ್ಲಿ ಮಾಸಿದ ನೀಲಿ ಬಟ್ಟೆಯಲ್ಲೇ ಮೇಲೆ ಬಂದು ನಿಂತಿದ್ದರು. ಸೋಪಿನಜ್ಜಿ ಸೋಪಿನ ಡಬ್ಬವನ್ನು ಬಡಿಯುತ್ತಿದ್ದಳು.

“ಲಾಂಡ್ರಿ! ಲಾಂಡ್ರಿ!”

ಹಳದಿ ಅಂಗಿಯವಳು ಆ ಗದ್ದಲಕ್ಕೆ ಬೆಚ್ಚಿ ಎಡಕ್ಕೆ ತಿರುಗಿ ನೋಡಿದಳು. ದೊಡ್ಡವಳು ಬಲದಿಂದ ಹೋಗಿಬಿಟ್ಟಿದ್ದಳು. ಗೆರೆ ದಾಟಿದ ಮೇಲೂ ನಿಲ್ಲುವುದು ಹೇಗೆಂದು ತಿಳಿಯದೆ ಓಡುತ್ತಲೇ ಇದ್ದವಳನ್ನು ಸೂಪರ್‌ವೈಸರ್ ತೋಳು ಹಿಡಿದು ನಿಲ್ಲಿಸಿದ. “ಮುಗೀತಮ್ಮಾ, ಮುಗೀತು! ಮೂರನೇಯವಳು!” ಎಂದ. ಅವನ ಕಣ್ಣು ತುಂಬಿತ್ತು.

ಮುಂದೆ ಬಂದಿದ್ದ ಇಬ್ಬರೂ ಊರಿನ ಕ್ರೀಡಾ ಕ್ಲಬ್ಬಿನ ಹುಡುಗಿಯರು. ಹಾಗಾಗಿ ಮೈಕಿನಲ್ಲಿ ಎರಡು ಸಲ ಕೂಗಿದರು, ಮೂರನೆಯ ಸ್ಥಾನ ಲಾಂಡ್ರಿ ವಿಭಾಗ, ಆಸ್ಪತ್ರೆಯ ಹೆಂಗಸರಲ್ಲಿ ಮೊದಲನೆಯವರೂ ಅವರೇ ಎಂದು. ಪದಕ ಕೊರಳಿಗೆ ಬೀಳುವಾಗ ಸೋಪಿನಜ್ಜಿ ವೇದಿಕೆಗೇ ಹತ್ತಿದಳು. ಅವಳ ಹಿಂದೆ ಹನ್ನೆರಡು ಜನ. ಫೋಟೋದವನು ಹಿಂದೆ ಹಿಂದೆ ಸರಿದು ಗೋಡೆಗೆ ತಾಗಿದರೂ ಎಲ್ಲರೂ ಹಿಡಿಸಲಿಲ್ಲ.

ಚಿಕ್ಕವಳು ಎಂಟನೆಯವಳಾಗಿ ಬಂದು ಕಟ್ಟೆಯ ಮೇಲೆ ಕುಸಿದಿದ್ದಳು. ಕೌಂಟರಿನ ಜೊತೆಗಾತಿ ಅವಳಿಗೆ ನೀರು ಕೊಡುತ್ತ, “ಅವ್ರು ನಿಂಗೆ ಗೊತ್ತಿರೋರಾ?” ಎಂದು ವೇದಿಕೆಯ ಕಡೆ ತೋರಿಸಿದಳು.

“ನನ್ನ ಗಂಡನ ಅತ್ತಿಗೆ. ಒಂದೇ ಮನೆ. ಅವತ್ತು ಬೀದಿಯವ್ರು ಅಂದಿದ್ದೆ ನೋಡು, ಸುಳ್ಳು ಹೇಳಿದ್ದೆ,” ಎಂದಳು ಚಿಕ್ಕವಳು. ಹೇಳುವಾಗ ತಲೆ ತಗ್ಗಿಸಲಿಲ್ಲ.

ದೊಡ್ಡವಳು ಬಂದು ಪಕ್ಕದಲ್ಲಿ ಕೂತಳು. ಚಿಕ್ಕವಳು ಶೂ ಬಿಚ್ಚುತ್ತ ಕೇಳಿದಳು.

“ಆ ಟವೆಲ್ಲು ಬೇಕಂತಲೇ ಹಾಕಿದ್ದಲ್ವಾ?”

“ಹೂಂ.”

“ಗೊತ್ತಿತ್ತು ನಂಗೆ.” ಚಿಕ್ಕವಳು ಮೂಗು ಒರೆಸಿಕೊಂಡಳು. “ಮೂರಕ್ಕೂ ಒಂದೇ ಹದಕ್ಕೆ ಬಣ್ಣ ಹತ್ತಿತ್ತು. ಗೊತ್ತಿರೋರ ಕೈ ಕೆಲಸ.”

ದೊಡ್ಡವಳಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಪಕ್ಕೆ ನೋವು, ಆದರೂ ನಕ್ಕಳು. “ಹೊಸದು ಹೊಲಿಸಿಕೊಡ್ತೀನಿ.”

“ಅದೇನೂ ಬೇಡ. ಮುಂದಿನ ಓಟದಲ್ಲಿ ನಿನ್ನನ್ನ ಆ ಏರಲ್ಲೇ ಹಿಂದೆ ಹಾಕ್ತೀನಿ.”

“ಹಾಗಾದ್ರೆ ಬೆಳಗ್ಗೆ ಏಳು. ಸಂಜೆ ತಲೆನೋವು ಅನ್ಬೇಡ.”

ಮನೆಗೆ ಬಂದಾಗ ಅತ್ತೆ ಒಲೆಯ ಮುಂದೆ ಇಬ್ಬರು ಗಂಡುಮಕ್ಕಳನ್ನೂ ನಿಲ್ಲಿಸಿಕೊಂಡಿದ್ದಳು. ಅನ್ನ ಸ್ವಲ್ಪ ತಳ ಹಿಡಿದಿತ್ತು. ಮೈದುನ ತಟ್ಟೆ ಹಾಕಿದ. ಪುಟ್ಟಿ ಪದಕವನ್ನು ತನ್ನ ಕೊರಳಿಗೆ ಹಾಕಿಕೊಂಡು ನೀರು ತಂದಿಟ್ಟಳು. ಗಂಡ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಡಿಪೋದವರೊಂದಿಗೆ ಬೀದಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ.

“ಹೂಂ ಕಣಯ್ಯಾ, ನನ್ನ ಹೆಂಡ್ತಿ, ಮೂರನೇದು. ಅಯ್ಯೋ, ಮೂರನೇ ಹೆಂಡ್ತಿ ಅಲ್ಲಪ್ಪಾ, ಮೂರನೇ ಸ್ಥಾನ! ಇರೋದೊಂದೇ ಹೆಂಡ್ತಿ, ಅವಳನ್ನ ಹಿಡಿಯೋಕೇ ಆಗ್ತಿಲ್ಲ ನಂಗೆ!”

ಇಬ್ಬರು ಸೊಸೆಯರೂ ಗೋಡೆಗೆ ಒರಗಿ, ಕಾಲು ಉದ್ದಕ್ಕೆ ಚಾಚಿ ಕೂತು ಉಂಡರು. ಅತ್ತೆ ಬಡಿಸಿದಳು. ದೊಡ್ಡವಳು ಒಂದು ತಟ್ಟೆ ಮುಗಿಸಿದಳು, ಇನ್ನೊಂದು ಮುಗಿಸಿದಳು. ಬೇರೆಯವರಿಗೆ ಉಳಿದಿದೆಯೋ ಇಲ್ಲವೋ ಎಂದು ಪಾತ್ರೆಯ ಕಡೆ ಬಗ್ಗಿ ನೋಡಲೂ ಇಲ್ಲ. ತಟ್ಟೆಯನ್ನು ಮುಂದಕ್ಕೆ ಚಾಚಿ, “ಇನ್ನೂ ಹಾಕಿ ಅತ್ತೆ,” ಎಂದಳು.